ಅರವತ್ತೊಂದನೆಯ ಮರ

ಹೆಣ್ಣುಮಕ್ಕಳಿಗೆ ಕಾಡು ಯಾಕೆ ಎಂದು ನನ್ನನ್ನು ಇಪ್ಪತ್ತು ವರ್ಷ ಒಲೆಯ ಮುಂದೆ ಕೂರಿಸಿದ ಅಪ್ಪ, ಜರ್ಮನಿಯ ಮರೈಕೆಯನ್ನು ಬಂದ ಮೂರನೇ ದಿನವೇ ಕಾಡಿಗೆ ಕರೆದುಕೊಂಡು ಹೋದ. ಅವಳೇನು ಗಂಡಸೇ? ನಮ್ಮ ಸರವಾಕಿನ ಮಳೆಕಾಡನ್ನು ಓದಲು ಮೂರು ತಿಂಗಳ ಮಟ್ಟಿಗೆ ಬಂದ ಕಾಲೇಜು ಹುಡುಗಿ.

ಅಪ್ಪ ಅಧ್ಯಯನ ಕೇಂದ್ರದಲ್ಲಿ ಮರಗಳ ಹೆಸರು ಹೇಳುವವನು. ತೊಗಟೆಗೆ ಕತ್ತಿಯಿಂದ ಸಣ್ಣ ಏಟು ಹಾಕಿ, ಮೂಸಿ, ಇದು ಕಪೂರ್, ಇದು ಕೆರುಯಿಂಗ್ ಎನ್ನುತ್ತಾನೆ. ನಲವತ್ತು ವರ್ಷದಿಂದ ಅವನ ಮಾತಿಗೆ ಎದುರಿಲ್ಲ. ಅವನ ನಂತರ ಆ ಕೆಲಸ ನನಗೆ ಬರಬೇಕು ಎಂಬುದೊಂದೇ ನನ್ನ ಆಸೆ. ಕೇಂದ್ರದಲ್ಲೇ ಅಡುಗೆ ಮಾಡಿಕೊಂಡು, ಕಾಡಿಗೆ ಹೋದವರು ತಂದ ಎಲೆಗಳನ್ನು ಹಳೇ ಪೇಪರಿನಲ್ಲಿ ಒತ್ತಿ ಒಣಗಿಸುವವಳು ನಾನು. ಒಣಗಿಸುತ್ತಲೇ ಎಲ್ಲವನ್ನೂ ಕದ್ದು ಕಲಿತಿದ್ದೆ. ಇದು ಯಾವ ಮರ ಎಂದು ಅಪ್ಪ ನನ್ನನ್ನು ಒಂದು ದಿನವೂ ಕೇಳಲಿಲ್ಲ.

ಅವಳಿಗೆ ಮಾತ್ರ ಊಟದ ಹೊತ್ತಿನಲ್ಲೂ ಪಾಠ. "ಕೂಸೇ, ಈ ಚಕ್ಕೆ ಮೂಸು. ಏನನ್ಸುತ್ತೆ?"

"ಕರ್ಪೂರ, ಅಜ್ಜಾ!"

"ಭಲೇ!"

ನನಗೆ ಮೈಯೆಲ್ಲ ಉರಿಯಿತು. "ಅವಳ ಮೂಗು ನಂದಕ್ಕಿಂತ ಉದ್ದ ಅಂತಾನಾ ಅಪ್ಪಾ?"

"ನಿಂದು ಬಾಯಿ ಉದ್ದ. ಅನ್ನ ಹಾಕು."

ಅವಳ ತಟ್ಟೆಗೆ ಅನ್ನ ಹಾಕಿದೆ, ಎಳೆ ಜರಿಗಿಡದ ಪಲ್ಯವನ್ನೂ ಹಾಕಿದೆ. ಮಾರನೆಯ ದಿನ ಒಣ ಎಲೆಗಳ ಕಟ್ಟು ಬಿಚ್ಚಿ ನಾಲ್ಕು ಜೊತೆ ನಂಬರ್ ಚೀಟಿಗಳನ್ನು ಅದಲುಬದಲು ಮಾಡಿದೆ. ಕಾಡಿನ ಪ್ರತಿ ಮರಕ್ಕೂ ಒಂದು ನಂಬರ್; ಅರವತ್ತೊಂದನೆಯದು ಕಪೂರ್. ಅದರ ಚೀಟಿ ಕೆರುಯಿಂಗ್ ಎಲೆಯ ಮೇಲೆ ಕೂತಿತು. ಅಪ್ಪ ಹೇಳಿದ ಹೆಸರುಗಳನ್ನು ಅವಳು ನಂಬರ್ ಪ್ರಕಾರ ಬರೆದಿಟ್ಟ ಪಟ್ಟಿ ತಪ್ಪಾಗಲಿ, ಎಲ್ಲರ ಮುಂದೆ ಆ ಬಿಳಿ ಮುಖ ಕಪ್ಪಿಡಲಿ ಎಂಬುದಷ್ಟೇ ನನ್ನ ಲೆಕ್ಕ.

ವಾರ ಕಳೆದು ಕುಚಿಂಗ್ ಪಟ್ಟಣದಿಂದ ಪ್ರೊಫೆಸರ್ ಬಂದರು. ಎಲೆಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಎಂಟು ತಪ್ಪು. ಮರೈಕೆ, ಕಣ್ಮುಚ್ಕೊಂಡು ಬರೆದ್ಯಾ?"

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತ. "ಹೆಸರು ಹೇಳಿದ್ದು ನಾನು ಸಾರ್. ಅದು ಬರ್ಕೊಂಡಿದ್ದಷ್ಟೇ. ಮಗೂನ ಬೈಬೇಡಿ."

ಇಡೀ ಊರು ಒಂದೇ ಸೂರಿನಡಿ ಬಾಳುವ ನಮ್ಮ ಸಾಲುಮನೆಗಳಲ್ಲಿ ಅತಿಥಿಯ ತಲೆ ತಗ್ಗಿದರೆ ಅವಮಾನ ಮನೆಯ ಹಿರಿಯನದು. ತಪ್ಪು ಯಾರದೇ ಇರಲಿ, ಅವನೇ ಹೊರಬೇಕು. ಹೊಟ್ಟೆಕಿಚ್ಚಿನಲ್ಲಿ ನನಗೆ ಅದೂ ಮರೆತಿತ್ತು. ಈಗ ಕಿಚ್ಚು ಇನ್ನಷ್ಟು ಹೆಚ್ಚಿತು. ನನಗಾಗಿ ಅವನು ಎಂದಾದರೂ ಹೀಗೆ ಎದ್ದು ನಿಂತಿದ್ದನೇ?

"ಹಾಗಾದ್ರೆ ಇದು ಯಾವುದು?" ಎಂದು ಪ್ರೊಫೆಸರ್ ಎಲೆ ಎತ್ತಿ ಹಿಡಿದರು. ಸುಮ್ಮನಿರಲು ನನ್ನಿಂದಾಗಲಿಲ್ಲ. ಎಂಟಕ್ಕೆ ಎಂಟೂ ಹೆಸರನ್ನು ಪಟಪಟನೆ ಹೇಳಿಬಿಟ್ಟೆ.

"ಅರೆ! ಮನೇಲೇ ಬಲ್ಲವಳು ಇದ್ದಾಳಲ್ಲ. ಅಜ್ಜಂಗೂ ವಯಸ್ಸಾಯ್ತು. ನಾಳೆಯಿಂದ ಸುರೆಂಗ್ ಹೋಗ್ಲಿ ಕಾಡಿಗೆ," ಎಂದು ನನ್ನ ಕಡೆ ಕೈ ತೋರಿದರು.

ಬಯಸಿದ್ದು ಕೈಗೆ ಬಂತು. ಅಪ್ಪ ಕತ್ತಿ ಎತ್ತಿಕೊಂಡು ಹೊರಟ.

ಅವನು ಹುಡುಗಿಯ ಮರ್ಯಾದೆ ಉಳಿಸಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಎಂದೇ ನಾನು ತಿಳಿದಿದ್ದೆ. ಮನೆಗೆ ಹೋಗುವಾಗ ಅರವತ್ತೊಂದನೆಯ ಮರದ ಬಳಿ ನಿಂತ. ಕತ್ತಿಯಿಂದ ಚಕ್ಕೆ ಎಬ್ಬಿಸಿ ಮೂಸಿದ. ಮತ್ತೆ ಮೂಸಿದ. ಆಮೇಲೆ ಅದನ್ನು ನನ್ನ ಕಡೆ ಚಾಚಿದ.

"ಸುರೆಂಗ್, ಇದು ಕಪೂರೇ ಅಲ್ವಾ? ನಂಗೆ ಈಗ್ಲೂ ಹಾಗೇ ಅನ್ಸುತ್ತೆ. ನೀನೊಂದ್ಸಲ ನೋಡಿ ಹೇಳವ್ವಾ."

ನನ್ನ ಆಯಸ್ಸಿನಲ್ಲಿ ಅಪ್ಪ ನನ್ನನ್ನು ಕೇಳಿದ ಮೊದಲ ಮರ.

"ಕಪೂರೇ ಅಪ್ಪಾ. ಚೀಟಿ ಬದಲಾಯಿಸಿದ್ದು ನಾನು," ಎಂದೆ. ಕಪಾಳಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ. ಅಪ್ಪ ಚಕ್ಕೆಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದ. "ಹಂಗಾದ್ರೆ ನನ್ ಮೂಗು ಸರಿಯಾಗೇ ಇದೆ!" ಎಂದು ಗಟ್ಟಿಯಾಗಿ ನಕ್ಕ. ಮರದ ಬೆನ್ನು ತಟ್ಟಿದ. "ಪಾಪ, ಆ ಕೂಸು ಬೆಳಗಿಂದ ಏನೂ ತಿಂದಿಲ್ಲ. ಮೊದ್ಲು ಅದಕ್ಕೆ ಹೇಳ್ಬೇಕು."

ಬಂದ ದಾರಿಯಲ್ಲೇ ಕೇಂದ್ರದ ಕಡೆ ದಾಪುಗಾಲು ಹಾಕಿದ. ಯಾಕೆ ಹೀಗೆ ಮಾಡಿದೆ ಎಂದು ಸಹ ನನ್ನನ್ನು ಕೇಳಲಿಲ್ಲ. ಬೈದಿದ್ದರೆ ಅದಾದರೂ ನನ್ನ ಪಾಲಿಗೆ ಬರುತ್ತಿತ್ತು.