ಹಸಿರು ಬಳಿದ ಪಟ್ಟಿ

ಜೋಳ ಬಲಿತು ದಂಟು ಹಳದಿಗೆ ತಿರುಗಿತ್ತು. ಇಬ್ಬನಿ ಆರುವ ಮೊದಲೇ ಅಣ್ಣತಮ್ಮಂದಿರಲ್ಲಿ ಕಿರಿಯವನಾದ ತಮ್ಮನೂ ಅವನ ಹೆಂಡತಿಯೂ ಕಾಲುವೆ ಪಕ್ಕದ ಪಟ್ಟಿಯಲ್ಲಿ ಕೊಯ್ಲಿಗೆ ಇಳಿದಿದ್ದರು. ಅವರ ಜೊತೆಗೆ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು. ಹುಡುಗಿ ಕುಡುಗೋಲು ಹಿಡಿದಿದ್ದಳು. ಕನ್ನಡಕದ ಹುಡುಗ ಬದುವಿನ ಮೇಲೆ ಕೂತು, ಕೊಯ್ದ ದಂಟಿನ ಒಂದು ಸಿವುಡು ಕಟ್ಟಲು ಎಷ್ಟು ನಿಮಿಷ ಹಿಡಿಯುತ್ತದೆಂದು ಬರೆದುಕೊಳ್ಳುತ್ತಿದ್ದ.

"ಗಡಿಯಾರ ನೋಡ್ತಾ ಕೂತ್ರೆ ತೆನೆ ತಾನಾಗೇ ಬಂದು ಮಡಿಲಿಗೆ ಬೀಳುತ್ತಾ ಮೇಷ್ಟ್ರೇ?" ಎಂದಳು ತಮ್ಮನ ಹೆಂಡತಿ.

"ಇದೂ ಕೆಲಸಾನೇ ಅಕ್ಕ."

"ಹೌದಪ್ಪ, ಬೆವರಿಲ್ಲದ ಕೆಲಸ."

ಬಡ ದೇಶಗಳಲ್ಲಿ ನೀರು, ಬೆಳೆ, ಶಾಲೆ ಎಂದು ದುಡಿಯುವ ದೊಡ್ಡ ಸಂಸ್ಥೆಗಳಿಗೆ ಸೇರಬೇಕೆಂದು ಓದುತ್ತಿದ್ದವರು ಆ ವಿದ್ಯಾರ್ಥಿಗಳು. ಹುಡುಗಿ ಹೋದ ವರ್ಷವೂ ಬಂದು ಇದೇ ತಮ್ಮನ ಮನೆಯಲ್ಲಿ ಉಳಿದಿದ್ದಳು. ಊರವರನ್ನು ಕೂರಿಸಿಕೊಂಡು ನೆಲದ ಮೇಲೆ ಬೂದಿ, ಇದ್ದಿಲಿನಲ್ಲಿ ಊರಿನ ನಕ್ಷೆ ಬಿಡಿಸಿದ್ದಳು. ಅದನ್ನು ದೊಡ್ಡ ಕಾಗದಕ್ಕೆ ಇಳಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಶಾಲೆಯ ಗೋಡೆಗೆ ಅಂಟಿಸಿ ಹೋಗಿದ್ದಳು. ಜನರಿಂದ ಪಡೆದದ್ದನ್ನು ಜನರಿಗೇ ಹಿಂತಿರುಗಿಸಬೇಕು ಎಂಬುದು ಅವರ ಪಾಠ. ಆ ನಕ್ಷೆಯನ್ನು ಮೆಚ್ಚಿ ಒಂದು ಸಂಸ್ಥೆ ಅವಳನ್ನು ಮುಂದಿನ ವಾರ ಸಂದರ್ಶನಕ್ಕೆ ಕರೆದಿತ್ತು. ಆ ಕರೆಯ ಕಾಗದ ಅವಳ ಚೀಲದಲ್ಲೇ ಇತ್ತು.

ನಕ್ಷೆಯಲ್ಲಿ ಒಂದೇ ಒಂದು ತಪ್ಪಿತ್ತು. ಅಪ್ಪ ಹೊಲ ಪಾಲು ಮಾಡುವಾಗ ಕಾಲುವೆಗೂ ಬದುವಿಗೂ ನಡುವಿನ ಈ ಪಟ್ಟಿಯನ್ನು ಪಾಲು ಮಾಡಿರಲಿಲ್ಲ. ಒಂದು ವರ್ಷ ಅಣ್ಣ ಬಿತ್ತಬೇಕು, ಮರುವರ್ಷ ತಮ್ಮ. ಇಪ್ಪತ್ತೆರಡು ವರ್ಷ ಹಾಗೆಯೇ ನಡೆದಿತ್ತು, ಯಾರೂ ಎಲ್ಲೂ ಬರೆದಿರಲಿಲ್ಲ. ಇದು ಯಾರದ್ದು ಎಂದು ಹುಡುಗಿ ಕೇಳಿದಾಗ ಅಣ್ಣ "ಈ ವರ್ಷ ನಂದು" ಎಂದಿದ್ದ. ನಕ್ಷೆಯಲ್ಲಿ ಒಬ್ಬೊಬ್ಬ ಒಡೆಯನಿಗೆ ಒಂದೊಂದು ಬಣ್ಣ, ಒಂದು ಹೊಲಕ್ಕೆ ಒಂದೇ ಬಣ್ಣ. 'ಈ ವರ್ಷ' ಎಂಬ ಮಾತಿಗೆ ಅವಳ ಬಣ್ಣದ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ಅಣ್ಣನ ಹಸಿರನ್ನೇ ಪಟ್ಟಿಗೂ ಬಳಿದಳು.

ಬಿಸಿಲೇರುವ ಹೊತ್ತಿಗೆ ಅಣ್ಣ ಬಂದ. ಹಿಂದೆ ಅವನ ಬೆಳೆದ ಇಬ್ಬರು ಗಂಡುಮಕ್ಕಳು, ದೊಡ್ಡವನ ಕೈಯಲ್ಲಿ ದೊಣ್ಣೆ. ಅಣ್ಣನ ಒಂದು ಕೈಯಲ್ಲಿ ಕುಡುಗೋಲು, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಅದರ ಮೂಲೆಗಳಲ್ಲಿ ಗೋಡೆಯ ಸುಣ್ಣ ಇನ್ನೂ ಅಂಟಿತ್ತು.

"ಕೊಯ್ಯೋದು ನಿಲ್ಸೋ."

"ಯಾಕಣ್ಣ? ಬಿತ್ತಿದ್ದು ನಾನು. ಪಾಳಿ ನಂದು."

"ಪಾಳಿ ಎಲ್ಲಿ ಬರೆದಿದೆ ತೋರ್ಸು. ಹಸಿರು ಇಲ್ಲಿ ಬರೆದಿದೆ. ಊರೆಲ್ಲ ವರ್ಷದಿಂದ ನೋಡಿದೆ. ನೀನು ಬಿತ್ತುವಾಗ ಸುಮ್ಮನಿದ್ದೆ, ಕೊಯ್ಯೋದು ನಾನೇ ಅಂತ."

"ಅಣ್ಣ, ಅಪ್ಪ ಹೇಳಿದ್ದು ಮರೆತ್ಯಾ?"

"ಅಪ್ಪ ಸತ್ತ. ಬಣ್ಣ ಬಳಿದವಳು ನಿನ್ನ ಮುಂದೇನೇ ನಿಂತಿದ್ದಾಳೆ, ಕೇಳು. ಹೇಳಮ್ಮ, ಇದು ಯಾರದ್ದು?"

ಎಲ್ಲರೂ ಹುಡುಗಿಯತ್ತ ನೋಡಿದರು. ಕನ್ನಡಕದ ಹುಡುಗ ಹತ್ತಿರ ಬಂದು ಪಿಸುಗುಟ್ಟಿದ: "ಮನೆಯವರ ಜಗಳದಲ್ಲಿ ನಾವು ತಲೆ ಹಾಕಬಾರದು. ಅದೂ ಅಲ್ಲದೆ ನಿನ್ನ ನಕ್ಷೆ ತಪ್ಪು ಅಂತ ನೀನೇ ಹೇಳ್ತೀಯಾ, ಮುಂದಿನ ವಾರ ಸಂದರ್ಶನ ಇಟ್ಕೊಂಡು?"

ಹುಡುಗಿ ಅಣ್ಣನತ್ತ ತಿರುಗಿದಳು. "ನೀವು ಆ ದಿನ ಏನು ಹೇಳಿದ್ರೋ ನಾನು ಅದನ್ನೇ ಬರೆದದ್ದು" ಎಂದಳು.

"ಕೇಳಿಸ್ತಾ!" ಎಂದ ಅಣ್ಣ.

ದೊಡ್ಡ ಮಗ ಕಟ್ಟಿಟ್ಟ ಸಿವುಡನ್ನು ಕಾಲುವೆಗೆ ಒದ್ದ. ತಮ್ಮ ಅವನ ಎದೆಗೆ ಕೈಯಿಟ್ಟು ನೂಕಿದ. ದೊಣ್ಣೆ ಮೇಲೆದ್ದು ತಮ್ಮನ ಕಿವಿಯ ಹಿಂದೆ ಬಿತ್ತು. ಅವನು ಮಂಡಿಯೂರಿದ, ಕಿವಿಯಿಂದ ರಕ್ತ ಕತ್ತಿನ ಮೇಲೆ ಇಳಿಯಿತು. ಏಳಲೆಂದು ಎದುರಿನ ದಂಟುಗಳನ್ನು ಬಲಗೈಯಲ್ಲಿ ಹಿಡಿದುಕೊಂಡ.

"ಬಿಡೋ ನನ್ನ ಬೆಳೆ!" ಎಂದು ಅಣ್ಣ ಕುಡುಗೋಲು ಬೀಸಿದ.

ದಂಟೂ ಬೆರಳೂ ಒಟ್ಟಿಗೆ ತುಂಡಾದವು. ತಮ್ಮ ಮೊದಲು ಕೂಗಲೇ ಇಲ್ಲ, ಕೈಯನ್ನೇ ನೋಡಿದ. ಆಮೇಲೆ ಕೂಗಿದ.

ಅವನ ಹೆಂಡತಿ ಮಣ್ಣೆತ್ತುವ ಸನಿಕೆ ಎತ್ತಿಕೊಂಡು ಓಡಿ ಬಂದಳು. "ಭಾವ ಅಂತ ನೋಡಲ್ಲ ಇವತ್ತು" ಎಂದು ಅಣ್ಣನ ಮೊಣಕಾಲಿಗೆ ಅಡ್ಡಡ್ಡ ಬಾರಿಸಿದಳು. ಮೂಳೆ ಮುರಿದ ಸದ್ದು ಬದುವಿನ ತನಕ ಕೇಳಿತು. ಅಣ್ಣ ಕುಸಿದ. ಕಿರಿ ಮಗ ಅವಳ ಜಡೆ ಹಿಡಿದು ಎಳೆದೊಯ್ದು ಮುಖವನ್ನು ಕಾಲುವೆಯ ನೀರಿಗೆ ಅದುಮಿದ. ಅವಳ ಕಾಲುಗಳು ಕೆಸರನ್ನು ಒದೆಯುತ್ತಿದ್ದವು.

ಆಗ ಹುಡುಗಿ ಅರಚಿದಳು. "ಈ ವರ್ಷದ ಪಾಳಿ ಇವರದ್ದು! ನಾನು ತಪ್ಪು ಬಳಿದೆ! ನನಗೆ ಗೊತ್ತಿತ್ತು!" ಯಾರೂ ತಿರುಗಲಿಲ್ಲ. ಅವಳು ನೀರಿಗೆ ಹಾರಿ ಕಿರಿ ಮಗನ ಮುಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಅವನ ಮೊಣಕೈ ಅವಳ ಬಾಯಿಗೆ ಬಡಿಯಿತು. ಅವಳ ಮುಂದಿನ ಹಲ್ಲು ಮುರಿಯಿತು, ಆದರೂ ಅವನ ಹಿಡಿತ ಸಡಿಲವಾಯಿತು. ತಮ್ಮನ ಹೆಂಡತಿ ತಲೆಯೆತ್ತಿ ನೀರು ಕಾರಿದಳು.

ಕನ್ನಡಕದ ಹುಡುಗ ಅಷ್ಟರಲ್ಲಿ ರಸ್ತೆಗೆ ಓಡಿ ಒಂದು ಟ್ರ್ಯಾಕ್ಟರ್ ನಿಲ್ಲಿಸಿದ್ದ. ಅಣ್ಣತಮ್ಮಂದಿರು ಒಂದೇ ಟ್ರೇಲರಿನಲ್ಲಿ, ಬೆನ್ನಿಗೆ ಬೆನ್ನು ಹಾಕಿ ಮಲಗಿ ಆಸ್ಪತ್ರೆಗೆ ಹೋದರು. ಬಟ್ಟೆಯಲ್ಲಿ ಸುತ್ತಿ ಒಯ್ದ ಮೂರು ಬೆರಳನ್ನು ಡಾಕ್ಟರು ಬಿಚ್ಚಿ ನೋಡಿ ಮತ್ತೆ ಸುತ್ತಿದರು. ಮಕ್ಕಳಿಬ್ಬರನ್ನೂ ಪೊಲೀಸರು ಹಿಡಿದುಕೊಂಡು ಹೋದರು. ನಕ್ಷೆ ತಪ್ಪೆಂದು ಹುಡುಗಿ ಠಾಣೆಯಲ್ಲಿ ಬರೆದುಕೊಟ್ಟಳು.

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಆಸ್ಪತ್ರೆಯಿಂದ ಬಂದು ನೇರ ಹೊಲಕ್ಕೆ ಇಳಿದಳು. ಹುಡುಗಿ ಬದುವಿನ ಮೇಲೆ ನಿಂತಿದ್ದಳು, ತುಟಿ ಊದಿತ್ತು.

"ಅಕ್ಕ, ಠಾಣೆಯಲ್ಲಿ ಎಲ್ಲಾ ಹೇಳಿದೀನಿ."

"ನಿನ್ನೆ ಭಾವ ಕೇಳಿದಾಗ ಇದೇ ಬಾಯಿ ಇತ್ತಲ್ಲ. ಹಲ್ಲೂ ಪೂರ್ತಿ ಇತ್ತು."

ಹುಡುಗಿ ಬದುವಿನಿಂದ ಕೆಳಗಿಳಿದಳು. ತಮ್ಮನ ಹೆಂಡತಿ ಹೊಲದಲ್ಲೇ ಬಿದ್ದಿದ್ದ ಗಂಡನ ಕುಡುಗೋಲು ಎತ್ತಿ ಮುಂದೆ ಚಾಚಿದಳು. "ಇನ್ನು ಹದಿನೆಂಟು ಸಾಲು ನಿಂತಿದೆ. ಅವರ ಕೈಯಲ್ಲಿ ಇನ್ನು ಕೊಯ್ಯೋಕಾಗಲ್ಲ. ನೀನು ಕೊಯ್ಯಿ."

ಹುಡುಗಿ ಕೊಯ್ದಳು. ಮೂರನೆಯ ಸಾಲಿಗೆ ಅಂಗೈಯಲ್ಲಿ ಬೊಕ್ಕೆ ಎದ್ದಿತು, ಆರನೆಯದಕ್ಕೆ ಒಡೆಯಿತು. ನಿನ್ನೆಯ ರಕ್ತ ಕಪ್ಪಾಗಿ ಅಂಟಿದ್ದ ದಂಟುಗಳೂ ಬಂದವು, ಅವನ್ನೂ ಕೊಯ್ದು ಕಟ್ಟಿದಳು. ಮಧ್ಯಾಹ್ನ ವಿಶ್ವವಿದ್ಯಾಲಯದ ಜೀಪು ರಸ್ತೆಯಲ್ಲಿ ಬಂದು ನಿಂತಿತು. ವಿದ್ಯಾರ್ಥಿಗಳ ಮೇಷ್ಟ್ರು ಇಳಿಯದೆ, ಕಿಟಕಿಯಿಂದಲೇ ಕೂಗಿದರು: "ಬೇಗ ಬಾ. ಅಣ್ಣನ ಕಡೆಯವರು ಒಟ್ಟಾಗ್ತಿದ್ದಾರಂತೆ. ಈಗ ಬರದಿದ್ರೆ ನಿನ್ನ ಜವಾಬ್ದಾರಿ ನಮ್ಮದಲ್ಲ." ಕನ್ನಡಕದ ಹುಡುಗ ಆಗಲೇ ಹಿಂದಿನ ಸೀಟಿನಲ್ಲಿ ಅವಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಅವಳು ಹಿಡಿದಿದ್ದ ಸಾಲನ್ನು ಮುಗಿಸಿದಳು. ಇನ್ನೊಂದಕ್ಕೆ ಬಗ್ಗಿದಳು. ಜೀಪು ಹಾರನ್ ಹೊಡೆಯಿತು, ಮತ್ತೆ ಹೊಡೆಯಿತು. ಅವಳು ಕುಡುಗೋಲನ್ನು ಸಿವುಡಿನ ಮೇಲಿಟ್ಟು ರಸ್ತೆಯ ಕಡೆ ನಡೆದಳು.

"ಏಳು ಸಾಲು," ಎಂದಳು ಹಿಂದಿನಿಂದ ತಮ್ಮನ ಹೆಂಡತಿ, ತಲೆಯೆತ್ತದೆ, ಕೊಯ್ಯುತ್ತಲೇ. "ಏಳು ಉಳೀತು."