ಅರ್ಧ ಓದಿ ಕೊಟ್ಟ ಪುಸ್ತಕ

ನಮ್ಮೂರಿನ ಗ್ರಂಥಾಲಯದಲ್ಲಿ ಪ್ರತಿ ಮಂಗಳವಾರ ಸೇರುವ ಓದುಗರ ಕೂಟಕ್ಕೆ ಒಂದು ವಿಚಿತ್ರ ನಿಯಮವಿದೆ. ಓದಿ ಮುಗಿಸಿದ ಪುಸ್ತಕದ ಮಾತೆತ್ತುವಂತಿಲ್ಲ. ಈಗ ಓದುತ್ತಿರುವುದನ್ನು ಕೈಯಲ್ಲಿ ಹಿಡಿದುಕೊಂಡು ಬರಬೇಕು, ಎಲ್ಲಿಯವರೆಗೆ ಓದಿದ್ದೀರೋ ಅಲ್ಲಿಯವರೆಗಿನದನ್ನಷ್ಟೇ ಹೇಳಬೇಕು. ಕೇಳಿದವರಲ್ಲಿ ಯಾರಾದರೂ ತಮಗೆ ಬೇಕು ಅಂದರೆ ಅಲ್ಲೇ ಕೊಟ್ಟುಬಿಡಬೇಕು. ಅವರು ಓದಿ ಹಿಂದಿರುಗಿಸುವ ತನಕ ನಮ್ಮ ಓದು ಅಲ್ಲಿಗೇ ನಿಂತಿರುತ್ತದೆ.

ಈ ನಿಯಮ ಮಾಡಿದವರು ಬೋರ್ಘಿಲ್ಡ್. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಮುಗಿಸಿದವರು ಜಂಬ ಕೊಚ್ಚುತ್ತಾರೆ, ಕೊನೆ ಹೇಳಿ ಬೇರೆಯವರ ಓದು ಕೆಡಿಸುತ್ತಾರೆ, ನಡುವೆ ಸಿಕ್ಕಿಕೊಂಡವರಿಗೆ ಮಾತ್ರ ಸುಳ್ಳು ಹೇಳಲು ಆಗುವುದಿಲ್ಲ ಎಂದು ಅವರ ವಾದ.

ನಾನು ಓಸ್ಲೋದಲ್ಲಿ ಓದು ಮುಗಿಸಿ ಊರಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದೆ. ಹಿಂದಿರುಗಿ ಬಂದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು ನನ್ನ ಕೆಲಸ. ಕೂಟಕ್ಕೆ ಹೋಗುತ್ತಿದ್ದೆ, ಆದರೆ ಆರು ತಿಂಗಳು ಬಾಯಿ ಬಿಡಲಿಲ್ಲ. ನನ್ನ ಸರದಿ ಬಂದಾಗ ಮುಖ ಕೆಂಪಾಗಿ, ಪುಸ್ತಕವನ್ನು ಮೇಲಕ್ಕೆತ್ತಿ ತೋರಿಸಿ ಕೆಳಗಿಡುತ್ತಿದ್ದೆ. ಯಾರೂ ಒತ್ತಾಯಿಸಲಿಲ್ಲ. ಬೋರ್ಘಿಲ್ಡ್ ಮಾತ್ರ ಒಮ್ಮೆ ಹೊರಗೆ ಬೂಟು ಹಾಕಿಕೊಳ್ಳುತ್ತ, "ನನ್ನ ಬಸ್ಸಲ್ಲಿ ಒಬ್ಬ ಹುಡುಗಿ ಇದ್ಲು, ನಾಲ್ಕು ವರ್ಷ ಮಾತೇ ಆಡ್ಲಿಲ್ಲ. ಐದನೇ ವರ್ಷ 'ನೀವು ತುಂಬ ಜೋರಾಗಿ ಓಡಿಸ್ತೀರಿ' ಅಂದ್ಲು. ನಾನು ಕಾಯ್ತೀನಿ," ಅಂದಿದ್ದರು. ಏಳನೇ ತಿಂಗಳು ನಾನು ಮಾತಾಡಿದೆ. ಅವರಿಗೋಸ್ಕರವೇ ಮಾತಾಡಿದೆ ಅಂದರೂ ತಪ್ಪಲ್ಲ.

ಈ ವರ್ಷ ಸೆಪ್ಟೆಂಬರಿನಲ್ಲಿ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಮೂರು ವಾರಕ್ಕೊಮ್ಮೆ ಟ್ರೋಮ್ಸೋ ಪಟ್ಟಣದ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರುತ್ತಿದ್ದರು. ಕೂದಲು ಉದುರಿತು, ನೀಲಿ ಟೋಪಿ ಬಂತು. ಮಂಗಳವಾರ ಮಾತ್ರ ತಪ್ಪಿಸಲಿಲ್ಲ.

ಅಕ್ಟೋಬರಿನ ಒಂದು ಮಂಗಳವಾರ ನನ್ನ ಕೈಯಲ್ಲಿ 'ಆಲೂಗಡ್ಡೆಯ ವರ್ಷ' ಎಂಬ ಕಾದಂಬರಿ ಇತ್ತು. ಯೊರುನ್ ಎಂಬ ಹೆಂಗಸು ದೊಡ್ಡ ಕಾಯಿಲೆಯಿಂದ ಎದ್ದು, ಆಸ್ಪತ್ರೆಯಿಂದ ನೇರ ಒಂದು ದ್ವೀಪಕ್ಕೆ ಹೋಗಿ ಮನೆ ಬಾಡಿಗೆಗೆ ಹಿಡಿಯುತ್ತಾಳೆ. ಅಲ್ಲೊಬ್ಬ ಕಿವುಡ ಮುದುಕ. ಇಬ್ಬರೂ ಸೇರಿ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುತ್ತಾರೆ, ಆಲೂಗಡ್ಡೆ ನೆಡುತ್ತಾರೆ. ನಾನು ನೂರ ನಲವತ್ತನೇ ಪುಟದಲ್ಲಿದ್ದೆ. ಅವಳ ಕೂದಲು ಮತ್ತೆ ಬೆಳೆಯುತ್ತಿತ್ತು.

"ಆಲೂಗಡ್ಡೆ ಬೆಳೆಯೋದು ಒಂದು ಕಥೇನಾ?" ಅಂದ ಓದ್ವಾರ್. ಅವನು ಹಿಂದೆ ದೋಣಿಗಟ್ಟೆಯಲ್ಲಿ ಟಿಕೆಟು ಹರಿಯುತ್ತಿದ್ದವನು. ಬೋರ್ಘಿಲ್ಡ್‌ ಜೊತೆ ಒಂದನೇ ತರಗತಿಯಿಂದ ಜಗಳ. "ನಮ್ಮಪ್ಪ ಅರವತ್ತು ವರ್ಷ ಅದನ್ನೇ ಬೆಳೆದ. ಒಬ್ಬನೂ ಬಂದು ಬರ್ಕೊಳ್ಲಿಲ್ಲ."

"ಬರೆದಿದ್ರೆ ಓದೋರ್ಯಾರು? ನೀನೂ ಓದ್ತಿರ್ಲಿಲ್ಲ," ಅಂದರು ಬೋರ್ಘಿಲ್ಡ್. ಆಮೇಲೆ ನನ್ನ ಕಡೆ ಕೈ ಚಾಚಿದರು. "ಕೊಡು ಇಲ್ಲಿ. ನನಗೆ ಬೇಕು."

ಕೊಡುವಾಗ ನಾನು ಒಂದು ಮಾತು ಸೇರಿಸಿದೆ. ಯಾರೂ ಕೇಳಿರಲಿಲ್ಲ. "ಇದು ನಿಮಗೆ ಒಳ್ಳೇದು ಮಾಡುತ್ತೆ," ಅಂದೆ.

ಗ್ರಂಥಾಲಯ ನಡೆಸುವ ತೂರಿಲ್ ಬಿಸಿ ವಾಫಲ್ ತಿಂಡಿಯ ತಟ್ಟೆ ಹಿಡಿದು ಬಂದಳು, ಮಾತು ಬೇರೆ ಕಡೆ ಹೊರಳಿತು.

ನನಗೆ ಕಾಯುವುದು ಆಗಲಿಲ್ಲ. ನಿಯಮ ಮುರಿದಂತಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಜಿಲ್ಲಾ ಗ್ರಂಥಾಲಯದಿಂದ ಇನ್ನೊಂದು ಪ್ರತಿ ತರಿಸಿದೆ. ಅದು ಬರಲು ಮೂರು ವಾರ ಹಿಡಿಯಿತು. ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಕೂತು ಓದಿದೆ. ಇನ್ನೂರ ಹದಿನಾಲ್ಕನೇ ಪುಟದಲ್ಲಿ ಯೊರುನ್‌ಗೆ ಕಾಯಿಲೆ ಮರಳುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ಮಾರ್ಚ್‌ನಲ್ಲಿ ಅಡುಗೆಮನೆಯ ನೆಲದ ಮೇಲೆ ಒಬ್ಬಳೇ ಸಾಯುತ್ತಾಳೆ. ಮುದುಕ ಬಾಗಿಲು ಬಡಿಯುವುದು ಎಂಟು ದಿನದ ಮೇಲೆ.

ಪುಸ್ತಕ ಮುಚ್ಚಿದಾಗ ನನಗೆ ಯೊರುನ್ ಬಗ್ಗೆ ಅಳು ಬರಲಿಲ್ಲ. ಲೆಕ್ಕ ಹಾಕತೊಡಗಿದೆ. ಔಷಧಿಯಿಂದ ಅಕ್ಷರ ಈಜಾಡುತ್ತವೆ, ಈಗೀಗ ದಿನಕ್ಕೆ ಎರಡು ಮೂರು ಪುಟ ಅಷ್ಟೇ ಎಂದು ಬೋರ್ಘಿಲ್ಡ್ ಹೇಳಿದ್ದರು. ಹೋದ ಮಂಗಳವಾರ ಅವರು ನೂರ ತೊಂಬತ್ತರಲ್ಲಿದ್ದರು. ಇವತ್ತಿಗೆ ಇನ್ನೂರು ದಾಟಿರಬಹುದು. ಇನ್ನೂರ ಹದಿನಾಲ್ಕು ತಲುಪಿರಲಿಕ್ಕಿಲ್ಲ. ಇನ್ನೂ ಸಮಯವಿತ್ತು. ಹೇಗಾದರೂ ಮಾಡಿ ಆ ಪುಸ್ತಕವನ್ನು ಅವರ ಕೈಯಿಂದ ತೆಗೆದುಬಿಡಬೇಕು.

ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಅವರ ಮನೆಗೆ ಹೋದೆ. ದೂರದ ಉತ್ತರದ ನಮ್ಮೂರಲ್ಲಿ ನವೆಂಬರಿಗೆ ಹಗಲು ತೀರ ಗಿಡ್ಡ; ಆಗಲೇ ಆಕಾಶ ಕಡುನೀಲಿಗೆ ತಿರುಗಿ, ಬೀದಿದೀಪ ಹತ್ತಿದ್ದವು. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಬಾಯಲ್ಲೇ ಉರು ಹೊಡೆಯುತ್ತ ನಡೆದೆ.

ಅವರೇ ಬಾಗಿಲು ತೆಗೆದರು. ಟೋಪಿ ಇರಲಿಲ್ಲ. ನಾನು ನೋಡಿದ್ದನ್ನು ನೋಡಿ, "ಒಳಗೆ ಬಾ, ನನ್ನ ತಲೆ ಕಚ್ಚಲ್ಲ," ಅಂದರು.

ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬೋರಲಾಗಿ ಬಿದ್ದಿತ್ತು. ಪಕ್ಕದಲ್ಲಿ ಕನ್ನಡಕ, ಔಷಧಿ ಡಬ್ಬಿ, ಒಂದೇ ಒಂದು ಗುಟುಕು ಕುಡಿದ ಕಾಫಿ.

"ಇನ್ನೂರ ಮೂರಕ್ಕೆ ಬಂದೆ," ಅಂದರು ಕೂರುತ್ತ. "ಗೋಡೆ ಸೊಂಟದ ಮಟ್ಟ ಬಂದಿದೆ. ಮುದುಕ ಅವಳನ್ನ ಪ್ರೀತಿಸ್ತಾನೆ ಅನ್ಸುತ್ತೆ, ಪಾಪ, ಹೇಳೋಕೆ ಬರಲ್ಲ. ಬೇಗ ಬೇಗ ಓದ್ಬಾರ್ದು ಅಂತ ತಡೆದು ತಡೆದು ಓದ್ತಿದೀನಿ."

ನಾನು ಕೋಟು ಬಿಚ್ಚಲಿಲ್ಲ. "ಬೋರ್ಘಿಲ್ಡ್, ಒಂದು ತೊಂದರೆ ಆಗಿದೆ. ಆ ಪುಸ್ತಕಾನ ಬೇರೆಯವರು ಕಾಯ್ದಿರಿಸಿದ್ದಾರೆ. ಇವತ್ತೇ ತಗೊಂಡು ಹೋಗ್ಬೇಕು."

"ಯಾರು?"

ಈ ಪ್ರಶ್ನೆಗೆ ನಾನು ಉತ್ತರ ತಯಾರು ಮಾಡಿಕೊಂಡಿರಲಿಲ್ಲ. ಎರಡು ಸಾವಿರ ಜನರ ಊರಿನಲ್ಲಿ ಯಾರು ಏನು ಓದುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಅವರಿಗಂತೂ ಇನ್ನೂ ಚೆನ್ನಾಗಿ ಗೊತ್ತು.

"ಓದ್ವಾರ್," ಅಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ, ಫೋನು ತೆಗೆದು, ಮೇಜಿನ ಮೇಲಿಟ್ಟು ಇಬ್ಬರಿಗೂ ಕೇಳುವಂತೆ ಗುಂಡಿ ಒತ್ತಿದರು. ಆ ಕಡೆಯಿಂದ ರೇಡಿಯೋ ಸದ್ದು, ಅದರ ಮೇಲೆ ಓದ್ವಾರ್‌ನ ಗಂಟಲು.

"ಏನೇ, ಇನ್ನೂ ಬದುಕಿದೀಯಾ?"

"ನಿನ್ನ ಕಳಿಸಿ ಆಮೇಲೆ ಹೋಗೋದು ಅಂತ. ಆಲೂಗಡ್ಡೆ ಪುಸ್ತಕ ನೀನು ಕಾಯ್ದಿರಿಸಿದೀಯಾ?"

"ನಾನಾ? ನಾನ್ಯಾಕೆ? ಆ ಹುಡುಗಿ ಹೇಳ್ದಾಗ್ಲೇ ನಿದ್ದೆ ಬಂತು ನಂಗೆ. ಯಾರ್ ಹೇಳಿದ್ದು?"

"ಯಾರೂ ಇಲ್ಲ. ರೇಡಿಯೋ ಸಣ್ಣ ಮಾಡು, ಕಿವಿ ಹೋಗುತ್ತೆ," ಎಂದು ಫೋನು ಕಟ್ ಮಾಡಿದರು.

ನನ್ನ ಮುಖ ಸುಡುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

"ಸುನ್ನಿವಾ, ಕೂತ್ಕೋ. ಕೋಟು ಬಿಚ್ಚು. ನೀನು ಸುಳ್ಳು ಹೇಳೋ ಹುಡುಗಿ ಅಲ್ಲ. ಏನಾಯ್ತು?"

ನಾನು ಕೂತೆ. ಮೇಜಿನ ಮೇಲೆ ಬೋರಲು ಬಿದ್ದ ಪುಸ್ತಕವನ್ನೇ ನೋಡುತ್ತಿದ್ದೆ. ಅವರೂ ಅದನ್ನೇ ನೋಡಿದರು. ಆಮೇಲೆ ಅವರ ಮುಖದಲ್ಲಿ ಏನೋ ನಿಧಾನಕ್ಕೆ ಆರಿಹೋಯಿತು.

"ನೀನು ಮುಗಿಸಿದೆ," ಅಂದರು. "ಇನ್ನೊಂದು ತರಿಸ್ಕೊಂಡು ಮುಗಿಸಿದೆ."

ಹೌದೆಂದು ತಲೆಯಾಡಿಸಿದೆ.

"ಸಾಯ್ತಾಳಾ?"

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಬಹುದಿತ್ತು. ಒಂದು ಸುಳ್ಳು ಆಗಲೇ ಹೇಳಿದ್ದೆನಲ್ಲ, ಇನ್ನೊಂದು ಏಕೆ ಆಗಲಿಲ್ಲವೋ ಗೊತ್ತಿಲ್ಲ.

"ನೋಡು," ಅಂದರು ಬೋರ್ಘಿಲ್ಡ್. ದನಿ ಏರಲಿಲ್ಲ. "ಹನ್ನೊಂದು ವರ್ಷ ಆಯ್ತು ಈ ಕೂಟ ಮಾಡಿ. ಒಬ್ಬರೂ ಇನ್ನೊಬ್ಬರಿಗೆ ಕೊನೆ ಹೇಳಿರ್ಲಿಲ್ಲ. ಓದ್ವಾರ್ ಕೂಡ. ನೀನು ಬಂದು ಹೇಳಿಬಿಟ್ಟೆ."

"ನಾನು ಹೇಳ್ಬಾರ್ದು ಅಂತಾನೇ ಬಂದಿದ್ದು. ನೀವು ಓದ್ಬಾರ್ದು ಅಂತ..."

"ಗೊತ್ತು. ನನ್ನ ಮಗಳು ಬೂದೊ ಊರಿಂದ ಬಂದ್ಲು, ಕಾರಿನ ಕೀ ತಗೊಂಡು ಹೋದ್ಲು. ನನಗೆ ಒಳ್ಳೇದಾಗ್ಲಿ ಅಂತ. ಆಸ್ಪತ್ರೇಲಿ ಆ ಎಳೇ ಡಾಕ್ಟ್ರು ಕಂಪ್ಯೂಟರ್ ಪರದೆಯನ್ನ ತನ್ನ ಕಡೆ ತಿರುಗಿಸ್ಕೊಂಡು ಮಾತಾಡ್ತಾನೆ, ಸ್ಕ್ಯಾನ್ ಫೋಟೋ ನಾನು ನೋಡ್ಬಾರ್ದು ಅಂತ. ಅವನೂ ಒಳ್ಳೇವ್ನೇ." ಅವರು ಪುಸ್ತಕ ತೆಗೆದು, ಎದೆಗೆ ಒರಗಿಸಿ ಹಿಡಿದರು. "ಗುಣ ಆಗ್ತೀನಿ ಅಂತ ನಾನೂ ಅಂದ್ಕೊಂಡಿರ್ಲಿಲ್ಲ ಕಣೇ. ಆದ್ರೆ ಇವಳು ಆಗಬಹುದಿತ್ತು. ಇನ್ನೂರ ಮೂರನೇ ಪುಟದಲ್ಲಿ ಆಗಬಹುದಿತ್ತು."

ನಾನು ಅಳಲು ಶುರು ಮಾಡಿದೆ. ಅಳಬಾರದು, ಇಲ್ಲಿ ಅಳುವ ಹಕ್ಕು ನನಗಿಲ್ಲ ಎಂದು ಗೊತ್ತಿದ್ದೂ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಕಾಗದದ ಟವೆಲ್ಲಿನ ಸುರುಳಿಯನ್ನು ಮೇಜಿನ ಮೇಲೆ ನನ್ನತ್ತ ಉರುಳಿಸಿದರು. ಎದ್ದು ಹೋಗಿ ತಣ್ಣಗಾದ ಕಾಫಿಯನ್ನು ಸಿಂಕಿಗೆ ಚೆಲ್ಲಿ ಬಂದರು. ಅಷ್ಟಕ್ಕೇ ಏದುಸಿರು ಹತ್ತಿತು, ಕುರ್ಚಿಯ ಬೆನ್ನು ಹಿಡಿದು ನಿಂತರು.

"ತಗೊಂಡು ಹೋಗ್ಲಾ?" ಎಂದು ಕೇಳಿದೆ. ಮೂರ್ಖಳ ಹಾಗೆ.

"ಎಲ್ಲಿಗೆ ತಗೊಂಡು ಹೋಗ್ತೀಯಾ? ಇನ್ನು ಎಲ್ಲಿಟ್ರೂ ಅವಳು ಸತ್ತೇ ಇರ್ತಾಳೆ." ಅವರು ಕೂತು, ಪುಸ್ತಕವನ್ನು ನನ್ನ ಮುಂದಕ್ಕೆ ತಳ್ಳಿದರು. "ಓದು."

"ನಾನಾ?"

"ಗಟ್ಟಿಯಾಗಿ ಓದು. ಅಲ್ಲಿಗೆ ಒಬ್ಳೇ ಹೋಗೋಕೆ ನನಗೆ ಇಷ್ಟ ಇಲ್ಲ. ನೀನು ಒಂದ್ಸಲ ಹೋಗಿ ಬಂದಿದೀಯಲ್ಲ, ದಾರಿ ಗೊತ್ತು."

ಕೂಟದಲ್ಲಿ ಐದು ಜನರ ಮುಂದೆ ಪುಸ್ತಕದ ಹೆಸರು ಹೇಳುವಾಗಲೇ ನನ್ನ ದನಿ ನಡುಗುತ್ತದೆ. ಇನ್ನೂರ ಮೂರನೇ ಪುಟ ತೆರೆದೆ. ಗೋಡೆ, ಕಲ್ಲು, ಮುದುಕನ ಕೈಗವಸು. ಮೊದಲ ಪುಟ ಓದುವಷ್ಟರಲ್ಲಿ ದನಿ ಇಳಿದು ಗೊಣಗಾಟವಾಯಿತು.

"ಮಾತು ನುಂಗ್ಬೇಡ," ಅಂದರು. "ಬಸ್ಸಿನ ಹಿಂದಿನ ಸೀಟಿಗೂ ಕೇಳ್ಬೇಕು."

ನಾನು ದನಿ ಎತ್ತಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಒಮ್ಮೆ, ಮುದುಕ ಕಲ್ಲನ್ನು ಕಾಲ ಮೇಲೆ ಹಾಕಿಕೊಂಡು ಬೈಯುವ ಜಾಗದಲ್ಲಿ, ನಕ್ಕರು ಕೂಡ. ಹೊರಗೆ ಪೂರ್ತಿ ಕತ್ತಲಾಯಿತು. ಕಿಟಕಿಯಲ್ಲಿ ನಮ್ಮಿಬ್ಬರ ಪ್ರತಿಬಿಂಬ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಪುಟ ತಿರುವುತ್ತ ತಿರುವುತ್ತ ಇನ್ನೂರ ಹದಿನಾಲ್ಕಕ್ಕೆ ಬಂದೆ.

ಯೊರುನ್ ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಳ್ಳುತ್ತಾಳೆ. ಕೈ ಪಕ್ಕೆಗೆ ತಗಲುತ್ತದೆ. ಅಲ್ಲೊಂದು ಚಿಕ್ಕ ಗಂಟು, ಬಟಾಣಿಯಷ್ಟು. ಅದೊಂದೇ ಪ್ಯಾರಾ, ಏಳು ಸಾಲು. ಆಮೇಲೆ ಅವಳು ಮಾಮೂಲಿನಂತೆ ನೀರು ತರಲು ಹೋಗುತ್ತಾಳೆ. ನಾನು ಏಳೂ ಸಾಲನ್ನು ಹಾರಿಸಿ, ನೀರಿನ ಬಕೆಟ್ಟಿನಿಂದ ಮುಂದುವರಿಸಿದೆ. ದನಿಯನ್ನೂ ಬದಲಿಸಲಿಲ್ಲ ಅಂದುಕೊಂಡಿದ್ದೆ.

"ಬಿಟ್ಟೆ," ಅಂದರು ಬೋರ್ಘಿಲ್ಡ್, ಕಣ್ಣು ತೆರೆಯದೆ.

"ಇಲ್ಲ."

"ಏನೋ ಬಿಟ್ಟೆ. ಹಿಂದಕ್ಕೆ ಹೋಗು."

ಅವರ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಇವತ್ತಿಗೆ ಸಾಕು ಅನ್ನಬಹುದು, ನಾಳೆ ಬರುತ್ತೇನೆ ಅನ್ನಬಹುದು ಎಂದು ಯೋಚಿಸಿದೆ. ಅವರು ಸುಮ್ಮನೆ ಕಾಯುತ್ತಿದ್ದರು.

ನಾನು ಹಿಂದಕ್ಕೆ ಹೋದೆ. ಅಂಗಿ, ಪಕ್ಕೆ, ಗಂಟು. ಏಳು ಸಾಲನ್ನೂ ಓದಿದೆ, ಒಂದು ಮಾತೂ ನುಂಗದೆ.