ಸ್ಟಾಕ್‌ಹೋಮ್ ದೊರೆಯ ಸೋಲು

ಶನಿವಾರ ಮಧ್ಯಾಹ್ನ ನಮ್ಮ ಗಾಯನ ತಂಡ ಉತ್ತರ ಸ್ವೀಡನ್ನಿನ ಸುಂಡ್ಸ್ವಾಲ್‌ನ ಹಳೆಯ ಜನಭವನದ ಮಹಡಿಯಲ್ಲಿ ಅಭ್ಯಾಸಕ್ಕೆ ಸೇರುತ್ತಿತ್ತು. ಆ ಚಳಿಗಾಲ ಕೆಳಗಿನ ಸಭಾಂಗಣದಿಂದ ಧಡ್, ಧಡ್ ಎಂಬ ಸದ್ದು ಶುರುವಾಯಿತು. ನಾವು ಉಸಿರು ಹಿಡಿದು ಮೆಲ್ಲಗೆ ಹಾಡಬೇಕಾದ ಸಾಲು ಬಂದಾಗಲೇ ಕೆಳಗೆ ಯಾರೋ ಹಿಟ್ಟಿನ ಮೂಟೆ ಎತ್ತಿ ಒಗೆದ ಹಾಗೆ. ಕೊನೆಗೊಂದು ದಿನ ಎಲ್ಲರೂ ನನ್ನ ಮುಖ ನೋಡಿದರು.

"ಗುನ್ವೋರ್, ನೀನೇ ಹೋಗಿ ಹೇಳಿ ಬಾ. ಶಿಶುವಿಹಾರದ ಟೀಚರ್ ಅಲ್ವಾ, ನಿನ್ನ ಮಾತು ಕೇಳ್ತಾರೆ."

ಬೈಯಲು ಮಾತುಗಳನ್ನು ಹೊಂದಿಸಿಕೊಂಡೇ ಇಳಿದೆ. ಬಾಗಿಲು ತೆಗೆದರೆ ಸಭಾಂಗಣದ ನಡುವೆ ಹಗ್ಗ ಬಿಗಿದ ಕುಸ್ತಿ ಕಣ. ದಿಮ್ಮಿಯಂಥ ಹುಡುಗನೊಬ್ಬ ಮತ್ತೊಬ್ಬನನ್ನು ಹೆಗಲ ಮೇಲೆತ್ತಿ ಹಿಂದಕ್ಕೆ ಒಗೆದ. ಬಿದ್ದವನು ಅಂಗಾತ ಮಲಗಿ ಎರಡು ಸಲ ಉಸಿರೆಳೆದುಕೊಂಡು ನನ್ನ ಕಡೆ ತಲೆ ತಿರುಗಿಸಿದ. ಅವನು ಸಿಕ್ಸ್‌ಟೆನ್! ನನ್ನ ಜೊತೆ ಅದೇ ಶಿಶುವಿಹಾರದಲ್ಲಿ ಎಷ್ಟೋ ವರ್ಷಗಳಿಂದ ಪಾಠ ಮಾಡುವವನು. ಮಗುವಿಗೆ ಬೂಟು ಹಾಕುವಾಗಲೂ "ಈ ಕಾಲು ಕೊಡ್ತೀಯಾ?" ಎಂದು ಕೇಳಿಯೇ ಮುಟ್ಟುವವನು.

"ಓ, ಗುನ್ವೋರ್," ಎಂದು ಎದ್ದು ಕುಳಿತ. "ಮೇಲೆ ಹಾಡ್ತಿರೋದು ನೀವಾ? ಚೆನ್ನಾಗಿ ಹಾಡ್ತೀರ."

"ಇಷ್ಟು ವರ್ಷ ಒಂದೇ ಒಂದು ಮಾತು ಹೇಳಿಲ್ವಲ್ಲೋ!"

"ನೀನು ಕೇಳ್ಲಿಲ್ವಲ್ಲ."

ಎತ್ತಿ ಒಗೆದ ಹುಡುಗ ಮೆಲ್ಕರ್, ಮರ ಕೊಯ್ಯುವ ಕಾರ್ಖಾನೆಯವನು. ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದವಳು ತೂವಾ. ವಾರದ ದಿನಗಳಲ್ಲಿ ರಸ್ತೆಯ ಹಿಮ ಸರಿಸುವ ಗಾಡಿ ಓಡಿಸುವ ಅವಳೇ ಎಷ್ಟೋ ವರ್ಷಗಳ ಹಿಂದೆ ಈ ಗುಂಪು ಕಟ್ಟಿದವಳು. ಅಭ್ಯಾಸಕ್ಕೆ ಈ ಭವನಕ್ಕೆ ಬಂದದ್ದು ಮಾತ್ರ ಆ ಚಳಿಗಾಲದಲ್ಲೇ.

"ಸದ್ದಿನ ವಿಚಾರಕ್ಕೆ ಬಂದ್ಯಾ?" ಎಂದಳು. "ಬೈಯೋದಾದ್ರೆ ಕೂತ್ಕೊಂಡು ಬೈಯಿ. ಫ್ಲಾಸ್ಕಲ್ಲಿ ಕಾಫಿ ಇದೆ."

ಕುಳಿತೆ. ಅವರು ಅಭ್ಯಾಸ ಮುಂದುವರಿಸಿದರು. ಬೀಳುವುದು, ಏಳುವುದು, ಮತ್ತೆ ಬೀಳುವುದು. ಗದ್ದವನ್ನು ಎದೆಗೆ ಒತ್ತಿಕೊಂಡು, ಅಂಗೈಗಳನ್ನು ಕಣದ ಹಲಗೆಗೆ ಬಡಿದು, ಬೆನ್ನು ಪೂರ್ತಿ ಒಟ್ಟಿಗೇ ತಾಗುವಂತೆ ಬೀಳಬೇಕು.

"ಇದೆಲ್ಲ ನಾಟಕ ತಾನೇ?" ಎಂದು ಕೇಳಿದೆ.

"ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಗಿರತ್ತೆ," ಎಂದಳು ತೂವಾ. "ಆದ್ರೆ ಹಲಗೆಗೆ ಆ ವಿಷಯ ಗೊತ್ತಿರಲ್ವಲ್ಲ."

ಆ ದಿನ ನಾನು ಮಹಡಿಗೆ ವಾಪಸು ಹೋಗಲೇ ಇಲ್ಲ. ಆಮೇಲಿನ ಶನಿವಾರಗಳಲ್ಲೂ ಅರ್ಧ ಹಾಡಿಗೆ ಏನಾದರೂ ನೆಪ ಹೇಳಿ ಕೆಳಗಿಳಿಯತೊಡಗಿದೆ.

ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅವರ ಪ್ರದರ್ಶನವಿತ್ತು. ಒದ್ದೆ ಬೂಟುಗಳ ವಾಸನೆ, ಬಿಸಿ ಸಾಸೇಜಿನ ವಾಸನೆ, ದಾಲ್ಚಿನ್ನಿ ಬನ್ನಿನ ವಾಸನೆ ಸೇರಿ ಸಭಾಂಗಣ ಬೆಚ್ಚಗಿತ್ತು. ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ಮುಂದಿನ ಸಾಲಿನಲ್ಲಿ ಅಜ್ಜಿಯರು. ನಾನು ಕಣಕ್ಕೆ ಅಂಟಿಕೊಂಡಂತೆ ಒಂದು ಮೂಲೆ ಹಿಡಿದೆ.

ದೀಪ ಆರಿ ಹೊತ್ತಿತು. ಬಿಳಿ ಉದ್ದನೆಯ ಕೋಟು, ಕಪ್ಪು ಕನ್ನಡಕ, ಕೈಯಲ್ಲೊಂದು ಗಾಜಿನ ಲೋಟ ಹಿಡಿದು ಸಿಕ್ಸ್‌ಟೆನ್ ಬಂದ. ಅವನ ವೇಷದ ಹೆಸರು ಸ್ಟಾಕ್‌ಹೋಮ್ ದೊರೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಪಕ್ಕದ ಹಳ್ಳಿಯಲ್ಲಿ. ರಾಜಧಾನಿಯಲ್ಲಿ ಅವನು ಒಂದು ವಾರವೂ ನೆಟ್ಟಗೆ ಇದ್ದವನಲ್ಲ. ಆದರೂ ಮೈಕ್ ಹಿಡಿದು ಮೂಗು ಮುಚ್ಚಿಕೊಂಡ.

"ಅಬ್ಬಬ್ಬ! ಈ ಊರಲ್ಲಿ ಕಾಫಿಗೂ ಕೊಳೆತ ಮೀನಿನ ವಾಸನೆ ಹೊಡೆಯತ್ತಲ್ಲ!"

"ಥೂ! ಬಂದ ರೈಲಲ್ಲೇ ವಾಪಸ್ ಹೋಗೋ!" ಎಂದು ಜನರ ನಡುವಿಂದ ಯಾರೋ ಕೂಗಿದರು.

"ರೈಲಾ? ನಿಮ್ಮೂರಿಗೆ ರೈಲು ಬೇರೆ ಬರತ್ತಾ? ಎತ್ತಿನ ಗಾಡಿ ಅನ್ಕೊಂಡಿದ್ದೆ."

ಜನ ಕುರ್ಚಿ ಬಿಟ್ಟು ಎದ್ದರು. ಅಂಥ ಮಿದು ಮನುಷ್ಯ ಅಷ್ಟು ಜನರ ಸಿಟ್ಟನ್ನು ಬೆಣ್ಣೆ ಕಡೆದ ಹಾಗೆ ಕಡೆಯುತ್ತಿರುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಕೆಂಪು ಚೌಕಳಿ ಅಂಗಿಯಲ್ಲಿ ಮೆಲ್ಕರ್ ಬಂದಾಗ ಚಾವಣಿ ಹಾರಿಹೋಗುವಷ್ಟು ಕೇಕೆ. ಊರಿನ ಹುಡುಗ, ಗೆಲ್ಲಬೇಕಾದವನು. ತೂವಾ ರೆಫರಿ. ಪಟ್ಟಿಗೆ ಪಟ್ಟು, ಏಟಿಗೆ ಏಟು ಸಾಗಿತು. ಮೆಲ್ಕರ್ ಮೂಲೆಯ ಕಂಬ ಹತ್ತಿ ಸಿಕ್ಸ್‌ಟೆನ್ ಮೇಲೆ ಹಾರಿದ. ಇಳಿಯುವಾಗ ಎಡಗಾಲು ಹಲಗೆಗೆ ಸೊಟ್ಟಗೆ ಬಿತ್ತು. ನಾನು ಅವನ ಮುಖ ನೋಡಿದೆ. ಅದು ಅಭ್ಯಾಸ ಮಾಡಿದ ಮುಖವಾಗಿರಲಿಲ್ಲ.

ಸಿಕ್ಸ್‌ಟೆನ್‌ಗೂ ತಿಳಿಯಿತು. ತಟ್ಟನೆ ಅವನ ಮೇಲೆ ಬಿದ್ದು ಕುತ್ತಿಗೆ ಹಿಸುಕುವವನಂತೆ ಬಾಗಿದ. ಜನ ಹೋ ಎಂದರು. ನನ್ನ ಮೂಲೆಗೆ ಮಾತ್ರ ಅವರ ಪಿಸುಮಾತು ಕೇಳಿಸಿತು.

"ಮೊಣಕಾಲಾ?"

"ಹೂಂ. ಏನೋ ಹರಿದ ಹಾಗಾಯ್ತು."

"ನಿಲ್ಲಿಸಿಬಿಡೋಣ."

"ಬೇಡ ಕಣೋ. ಮಕ್ಕಳೆಲ್ಲ ನೋಡ್ತಿದಾರೆ. ಮುಗಿಸೋಣ."

ಸಿಕ್ಸ್‌ಟೆನ್ ತೂವಾಳ ಕಡೆ ನೋಡಿದ. ಅವಳು ಬಗ್ಗಿ ಮೆಲ್ಕರ್‌ನ ಕಾಲು ನೋಡಿ, "ಬೇಗ ಮುಗಿಸು. ಆ ಕಾಲಿನ ಮೇಲೆ ಭಾರ ಬೀಳಬಾರ್ದು," ಎಂದಳು.

"ನೀನು ಏಳ್ಲೇಬೇಡ, ಮೆಲ್ಕರ್. ಹೇಗಾದ್ರೂ ಮಾಡಿ ನಾನೇ ಸೋಲ್ತೀನಿ."

ಎದ್ದು ನಿಲ್ಲಲಾರದವನ ಕೈಯಲ್ಲಿ ಸೋಲುವುದು ಹೇಗೆ? ಮುಂದೆ ನಡೆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ನವಿರೇಳುತ್ತದೆ. ಸಿಕ್ಸ್‌ಟೆನ್ ಮೆಲ್ಕರ್‌ಗೆ ಸುತ್ತು ಹಾಕುತ್ತಾ ಒದೆಯತೊಡಗಿದ. ಒಂದು ಒದೆಯೂ ಎಡಗಾಲಿನ ಹತ್ತಿರ ಸುಳಿಯಲಿಲ್ಲ. ತನ್ನದೇ ಹಿಮ್ಮಡಿಯನ್ನು ಹಲಗೆಗೆ ಅಪ್ಪಳಿಸಿ ಸದ್ದು ಹುಟ್ಟಿಸುತ್ತಿದ್ದ. ಆಮೇಲೆ ಹಗ್ಗದ ಮೇಲಿದ್ದ ಬಿಳಿ ಕೋಟನ್ನು ಮತ್ತೆ ತೊಟ್ಟು, ಕಂಬ ಹತ್ತಿ ನಿಂತು ಎದೆ ತಟ್ಟಿಕೊಂಡ.

"ನೋಡ್ರೋ! ನಿಮ್ಮೂರ ದೊಡ್ಡ ಗಂಡಸು ಹೆಂಗೆ ಮಲಗಿದಾನೆ! ಜೋಗುಳ ಹಾಡ್ಲಾ?"

"ಇಳಿಯೋ ಕೆಳಗೆ!" ಎಂದು ಮುಂದಿನ ಸಾಲಿನ ಅಜ್ಜಿ ಛತ್ರಿಯಿಂದ ಅವನ ತೊಡೆಗೆ ತಿವಿದೇಬಿಟ್ಟಳು. ಅವನು ಅವಳ ಕಡೆ ತಿರುಗಿದ, ಕೋಟಿನ ಅಂಚನ್ನು ತಾನೇ ತುಳಿದ, ಕಂಬದ ಮೇಲಿಂದ ಅಂಗಾತ ಕಣದೊಳಕ್ಕೆ ಬಿದ್ದ. ಸರಿಯಾಗಿ ಮೆಲ್ಕರ್‌ನ ತೋಳಿಗೆ ಎಟುಕುವಲ್ಲಿಗೆ. ಮೆಲ್ಕರ್ ಕೈ ಚಾಚಿ ಅವನ ಎದೆಯ ಮೇಲಿಟ್ಟ, ಅಷ್ಟೇ. ಮೂರು ಎಣಿಸುವತನಕ ಬೆನ್ನು ನೆಲಕ್ಕಂಟಿದ್ದವನು ಸೋತ ಹಾಗೆ. ತೂವಾ ಹಲಗೆ ಬಡಿದು ಎಣಿಸಿದಳು. ಮೂರು!

ಮಕ್ಕಳು ಕುರ್ಚಿಗಳ ಮೇಲೆ ಕುಣಿದರು. ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬಸ್ಸಿನಲ್ಲಿ ಗೊತ್ತಿಲ್ಲದವರ ಪಕ್ಕದ ಸೀಟಿನಲ್ಲೂ ಕೂರದ ಜನ ನಮ್ಮೂರಿನವರು.

ಸಿಕ್ಸ್‌ಟೆನ್‌ನ ಕೆಲಸ ಇನ್ನೂ ಮುಗಿದಿರಲಿಲ್ಲ. ಮೈಕ್ ಕಿತ್ತುಕೊಂಡು ಎದುರು ಬಾಗಿಲ ಕಡೆ ಓಡಿದ. "ಮೋಸ! ಇದೆಲ್ಲ ಮೋಸ! ಆ ಅಜ್ಜಿ ಮೇಲೆ ಕೇಸ್ ಹಾಕ್ತೀನಿ!" ಎಂದು ಅರಚಿದ. ಕಣ್ಣುಗಳೆಲ್ಲ ಅವನ ಹಿಂದೆ ಹೋದವು, ಕಾಗದದ ಲೋಟಗಳೂ ಹಾರಿದವು. ಆ ಗದ್ದಲದಲ್ಲಿ ತೂವಾ ಮತ್ತು ನಾನು ಮೆಲ್ಕರ್‌ನ ಎರಡೂ ಕಂಕುಳಿಗೆ ಹೆಗಲು ಕೊಟ್ಟು ಹಿಂದಿನ ಬಾಗಿಲಿಂದ ದಾಟಿಸಿದೆವು. ತಮ್ಮ ಹುಡುಗನ ಕಾಲು ಮುರಿದಂತೆ ಜೋತಾಡುತ್ತಿದ್ದುದನ್ನು ಯಾವ ಮಗುವೂ ನೋಡಲಿಲ್ಲ.

ಆಸ್ಪತ್ರೆಗೆ ಕರೆದೊಯ್ದವನೂ ಸಿಕ್ಸ್‌ಟೆನ್ನೇ. ದಾರಿಯುದ್ದಕ್ಕೂ ಮೆಲ್ಕರ್ ಒಂದು ಕಡೆ ನರಳುತ್ತಾ, ಇನ್ನೊಂದು ಕಡೆ ನಗುತ್ತಾ, "ಜೋಗುಳ ಅಂತೆ! ಅದೆಲ್ಲಿಂದ ಹೊಳೀತೋ ನಿಂಗೆ?" ಎನ್ನುತ್ತಿದ್ದ.

"ಶಿಶುವಿಹಾರದಲ್ಲಿ ದಿನಾ ಅದೇ ಕೆಲಸ ಅಲ್ವಾ," ಎಂದ ಸಿಕ್ಸ್‌ಟೆನ್.

ಸೋಮವಾರ ಮಗುವೊಂದರ ಬೂಟು ಹುಡುಕಲು ಅವನು ಬಗ್ಗಿದಾಗ ಅಂಗಿ ಮೇಲೆ ಸರಿಯಿತು. ಬೆನ್ನೆಲ್ಲ ನೇರಳೆ ಬಣ್ಣ.

"ಎಲ್ಲಾ ನೀನೇ ಮಾಡಿದೆ," ಎಂದೆ. "ಚಪ್ಪಾಳೆ ಅವನಿಗೆ, ಬೈಗುಳ ನಿಂಗೆ. ಬೇಜಾರಾಗಲ್ವಾ?"

ಅವನು ಆಶ್ಚರ್ಯದಿಂದ ನೋಡಿದ. "ಬೇಜಾರಾ? ಗುನ್ವೋರ್, ಆ ಅಜ್ಜಿ ನಿಜವಾಗ್ಲೂ ತಿವಿದ್ಲು ಕಣೇ! ಇಷ್ಟು ವರ್ಷದಲ್ಲಿ ನಂಗೆ ಅಂಥ ಸನ್ಮಾನ ಯಾರೂ ಮಾಡಿರ್ಲಿಲ್ಲ."

ಮೆಲ್ಕರ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಅವನು ಮತ್ತೆ ಕಣಕ್ಕಿಳಿದದ್ದು ಮುಂದಿನ ವರ್ಷ, ಹಿಮ ಕರಗುವ ಹೊತ್ತಿಗೆ. ಎದುರಾಳಿ ಮತ್ತೆ ಅದೇ ದೊರೆ. ಆ ದಿನ ನನ್ನ ಒತ್ತಾಯಕ್ಕೆ ಗಾಯನ ತಂಡದವರೆಲ್ಲ ಬಂದು ಮುಂದಿನ ಎರಡು ಸಾಲು ತುಂಬಿದ್ದರು. ಸಿಕ್ಸ್‌ಟೆನ್ ಬಿಳಿ ಕೋಟು ಬೀಸುತ್ತಾ ನಡೆದು ಬಂದು, ನನ್ನೆದುರು ನಿಂತು, ಕನ್ನಡಕ ಕೆಳಗಿಳಿಸಿದ.

ಎದ್ದು ಚಪ್ಪಾಳೆ ತಟ್ಟಬೇಕೆಂದು ನನ್ನ ಕೈಗಳು ತುಡಿಯುತ್ತಿದ್ದವು. ಆದರೆ ಅವನಿಗೆ ಬೇಕಾದದ್ದು ಅದಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತೆ. ಎರಡೂ ಕೈ ಬಾಯಿಯ ಸುತ್ತ ಹಿಡಿದು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ, "ತೊಲಗಾಚೆ, ಸ್ಟಾಕ್‌ಹೋಮಿನ ಕೊಬ್ಬಿದ ಕತ್ತೆ!" ಎಂದು ಕೂಗಿದೆ. ಅವನ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು.